ಗುರುವಾರದ ಕಟ್ಟಳೆ

ಫ್ರೇಸರ್‌ಬರ್ಗ್ ಬಂದರಿನಲ್ಲಿ, ಐಸ್ ಕಾರ್ಖಾನೆಯ ಹಿಂದೆ,
ಮೀನುಗಾರರ ಹಳೆಯ ಊಟದ ಕೋಣೆ.
ಗುರುವಾರ ಎರಡೂವರೆಗೆ ಹೀಟರ್ ಹಚ್ಚುತ್ತಾರೆ,
ಮೂರಾದರೂ ಅದು ಗೊಣಗುವುದೇ ಹೆಚ್ಚು.
ಕೋಟು ಬಿಚ್ಚದೆ ಕೂರುತ್ತೇವೆ.

ಮೊದಲ ದಿನ ಬಾಗಿಲಲ್ಲೇ ಹೇಳಿದಳು ಎಫೀ,
ಎಪ್ಪತ್ತು ದಾಟಿದವಳು,
ಮಗನ ಬೈಕು ಗೋಡೆಗೆ ಬಡಿದು ಹತ್ತೊಂಬತ್ತು ವರ್ಷ:
"ಇಲ್ಲಿ ಕಟ್ಟಳೆ ಒಂದೇ.
ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಬಾರದು."

ಇಷ್ಟೇನಾ, ಅಂದುಕೊಂಡೆ.
ಹದಿನಾಲ್ಕು ತಿಂಗಳಿಂದ ನಾನು ಮಾಡುತ್ತಿದ್ದುದೇ ಅದು.
ಗ್ರೆಗರ್ ಬಾಯಿ ತೆರೆದರೆ ಸಾಕು,
ಸಕ್ಕರೆ, ಬೀಗದಕೈ, ಬೂಟು, ಮಂಗಳವಾರ—
ಹರಿದ ಬಲೆಗೆ ಗಂಟು ಹಾಕುವವಳ ಹಾಗೆ
ತೂತು ಕಂಡಲ್ಲೆಲ್ಲ ಕೈ ಓಡುತ್ತಿತ್ತು.

ದೋಣಿಯ ಉಕ್ಕಿನ ಹಗ್ಗ ತುಂಡಾಗಿ ತಲೆಗೆ ಬಡಿದದ್ದು
ಎಣಿಸಿದರೆ ಒಂದು ರೆಪ್ಪೆ ಬಡಿತ.
ಗಾಯ ಈಗ ಕೂದಲಿನ ಕೆಳಗಿದೆ, ಯಾರಿಗೂ ಕಾಣದು.
ಬೇಕರಿಯಲ್ಲಿ ಅವನು ಪಕ್ಕದಲ್ಲೇ ನಿಂತಿದ್ದರೂ
ನನ್ನನ್ನು ಕೇಳುತ್ತಾರೆ: "ಹೇಗಿದ್ದಾನೆ ಈಗ?"
ಉತ್ತರ ಕೊಡುವವಳೂ ನಾನೇ.

ಇಲ್ಲಿ ರಾಮೂನೆ ಇದ್ದಾಳೆ, ಲಿಥ್ವೇನಿಯಾದವಳು.
ಅವಳ ಗಂಡ ವಿದ್ಮಂತಾಸ್ ಏಣಿಯಿಂದ ಬಿದ್ದಾಗ
ಕಲಿತಿದ್ದ ಇಂಗ್ಲಿಷೆಲ್ಲ ತೊಳೆದುಹೋಗಿ
ಅಮ್ಮನ ಭಾಷೆ ಮಾತ್ರ ತಳದಲ್ಲಿ ಉಳಿಯಿತು.
ಅವನು ಹೇಳಿ ಮುಗಿಸುವ ತನಕ ಕಾಯುತ್ತಾಳೆ,
ಆಮೇಲೆ ನಮಗೆ ಹೇಳುತ್ತಾಳೆ.
ನಮಗೂ ಅವಸರವಿಲ್ಲ. ಅಥವಾ ಇಲ್ಲದಂತೆ ಕೂರುತ್ತೇವೆ.

ಐದನೆಯ ಗುರುವಾರ ಎಫೀ ಕೇಳಿದಳು:
"ಗ್ರೆಗರ್, ಏನು ಹೋದದ್ದು ನಿನ್ನನ್ನು ಹೆಚ್ಚು ಕಾಡುತ್ತದೆ?"

ಸಮುದ್ರ. ಮತ್ತೇನು?
ನನ್ನ ನಾಲಿಗೆಯ ತುದಿಯಲ್ಲಿತ್ತು, ಹಲ್ಲಿಗೆ ತಾಗುತ್ತಿತ್ತು.
ಅವನ ತುಟಿ ಒಮ್ಮೆ ಕೂಡಿತು, ಬಿಟ್ಟಿತು.
ಛಾವಣಿಯ ಮೇಲೆ ಕಡಲಹಕ್ಕಿ ತಗಡು ಕುಕ್ಕಿತು.
ಯಾರದೋ ಚಹಾದಲ್ಲಿ ಬಿಸ್ಕತ್ತು ನೆನೆದು ಮುಳುಗಿತು.
ಎಫೀಯ ಕೈ ನನ್ನ ಮೊಣಕಾಲ ಮೇಲೆ,
ಹಿತವಾಗಿ ಅಲ್ಲ, ಒತ್ತಿ ಹಿಡಿದು.

"ವಾಸನೆ," ಅಂದ.

ಯಾವುದರದ್ದು? ಕೇಳಿಬಿಟ್ಟೆ ನಾನು.

"ಯಾವುದೂ... ಬರಲ್ಲ."

ಹಾಲು ಸೀದು ಪಾತ್ರೆ ಕರಕಲಾದಾಗ
ಅಲ್ಲೇ ಕೂತಿದ್ದೆಯಲ್ಲ ಎಂದು ಕೂಗಾಡಿದ್ದೆ.
ಕಾರಿನಲ್ಲಿ ಮರೆತ ಹ್ಯಾಡಕ್ ಮೀನು ಎರಡು ದಿನ,
ಗಾಜು ಇಳಿಸದೆ ಓಡಾಡಿದ್ದ.
ಹುಟ್ಟುಹಬ್ಬಕ್ಕೆ ನಾನು ಹಚ್ಚಿಕೊಂಡ ಲ್ಯಾವೆಂಡರ್,
ತಿರುಗಿಯೂ ನೋಡಲಿಲ್ಲವೆಂದು
ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟು ಅತ್ತಿದ್ದೆ.
ಸಾವಿರ ಪದ ಅವನ ಬಾಯಿಗಿಟ್ಟವಳಿಗೆ
ಇದೊಂದು ತೋಚಲಿಲ್ಲ.

ವಿದ್ಮಂತಾಸ್ ಏನೋ ಹೇಳಿದ, ಉದ್ದಕ್ಕೆ, ತಡವರಿಸಿ.
ರಾಮೂನೆ ಕಾದಳು. ನಗು ತಡೆದು ಹೇಳಿದಳು:
"ಇವರಿಗೂ ಅಷ್ಟೇ. ಮೀನಿನ ಕಾರ್ಖಾನೆಯವನಿಗೆ
ಅದೊಂದು ವರವಂತೆ."
ಕೋಣೆಯೆಲ್ಲ ನಕ್ಕಿತು.
ಎಲ್ಲರ ನಗು ಆರಿದ ಮೇಲೆ
ಗ್ರೆಗರ್ ಒಬ್ಬನೇ ನಕ್ಕ.
ಯಾರೂ ತಿರುಗಿ ನೋಡಲಿಲ್ಲ.

ಈಗ ದಕ್ಕೆಯ ಮೇಲೆ ನಡೆಯುವಾಗ ಕೇಳುತ್ತಾನೆ,
"ಇವತ್ತು... ಏನು?"
ಡೀಸೆಲ್ಲು ಅನ್ನುತ್ತೇನೆ, ಉಪ್ಪು, ಕೊಳೆತ ಪಾಚಿ,
ಯಾರೋ ಈರುಳ್ಳಿ ಹುರಿಯುತ್ತಿದ್ದಾರೆ.
ಕೇಳಿದರೆ ಮಾತ್ರ ಹೇಳುತ್ತೇನೆ.

ಎಫೀಯ ಮಗ ಲೋರ್ನ್ ಮನೆಗೆ ಬಂದಿದ್ದ,
ಅನಿಲ ಸೋರಿದರೆ ಕೂಗುವ ಡಬ್ಬಿಯೊಂದನ್ನು
ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು.
ಎಡಗೈ ಅವನ ಮಾತು ಕೇಳುವುದಿಲ್ಲ,
ಗ್ರೆಗರ್‌ಗೆ ಯಾವ ಕಡೆ ತಿರುಗಿಸಬೇಕೆಂಬುದು ನೆನಪಿರುವುದಿಲ್ಲ.
ಎರಡು ಸ್ಕ್ರೂ, ಒಂದು ಗಂಟೆ ಹತ್ತು ನಿಮಿಷ.
ನಾನು ಬೇರೆ ಕೋಣೆಯಲ್ಲಿ
ಮಡಚಿದ ಬಟ್ಟೆಯನ್ನೇ ಬಿಚ್ಚಿ ಮಡಚುತ್ತಿದ್ದೆ.

ಡಬ್ಬಿ ಓರೆಯಾಗಿ ಕೂತಿದೆ.
ಹಸಿರು ದೀಪ ಉರಿಯುತ್ತಿದೆ.
ಹಾಗೇ ಇರಲಿ.