ಕರೆಂಟ್ ಹೋದಾಗ ಬರ್ರಿ

ಹುಲಿಗೆಪ್ಪ ಭಜಂತ್ರಿ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು
ಆಧಾರ್ ಕಾರ್ಡಿನ ಎರಡು ಝೆರಾಕ್ಸಿಗೆ.
ಎರಡನೇ ಸಲ ಬಗಲಾಗ ಕ್ಲಾರಿಯೋನೆಟ್ ಇತ್ತು,
ಹೆಂಡತಿಯ ಹಳೇ ಸೀರಿ ಸೆರಗಿನಾಗ ಸುತ್ತಿದ್ದು.
‘ಎಲ್ಲಾರೂ ಮೊಬೈಲಿನಾಗ ಅದಾರಂತ,
ನನ್ನೂ ಒಂದೀಟು ಅದರಾಗ ಹಾಕಬೇ.’

ಡೀಜೆ ಬಂದ ಮ್ಯಾಲೆ ಬ್ಯಾಂಡ್ ಮುರದಿತ್ತು.
ಡೋಲಿನವ ಗದಗ ಸ್ಟೇಷನ್ನಿನಾಗ ಚಾ ಮಾರತಾನ,
ಕೆಂಪು ಕೋಟುಗಳು ಯಾರ ಅಟ್ಟದ ಮ್ಯಾಲೋ.

ಸ್ವಂತ ಹೆಸರಿನ ವಿಳಾಸ ಬೇಕಂದ್ರ
ವರ್ಷಕ್ಕ ಎಂಟುನೂರು ಆಕ್ಕೈತಿ, ಅಂದೆ.
‘ಹೆಸರಿಗೂ ಬಾಡಿಗಿ?
ನಮ್ಮ ಆಯಿ ಪುಗಸಟ್ಟೆ ಇಟ್ಟಿದ್ಲು.’

ಹಂಗಾರ ಪುಗಸಟ್ಟೆ ಪುಟಾನೇ ಇರಲಿ ಅಂತ ಕುಂತ್ವಿ.
ಹುಡುಕಿದರ ಅದೇ ಹೆಸರಿನವ ಇನ್ನೊಬ್ಬ,
ಕೊಪ್ಪಳದ ಕಡೆಯಾಂವ,
ಟ್ರ್ಯಾಕ್ಟರ್ ಮುಂದ ಕರೇ ಕನ್ನಡಕ ಹಾಕ್ಕೊಂಡು ನಿಂತಾನ.
ಭಾಳ ಹೊತ್ತು ನೋಡಿದ ಹುಲಿಗೆಪ್ಪ.
‘ನನಗಿಂತ ಚೆಂದ ಅದಾನ, ಇರಲಿ ಬಿಡು ಅವಗ.’
ಹೆಸರಿನ ಹಿಂದ ಬೆಟಗೇರಿ ಅಂತ ಹಚ್ಚಿದ್ವಿ.
ಊರಿಗೇನು ಬಾಡಿಗಿ ಕೇಳಲಿಲ್ಲ ಯಾರೂ.

ನಿಮ್ಮ ಬಗ್ಗೆ ಬರೀರಿ, ಅಂತು ಒಂದು ಖಾಲಿ ಚೌಕ.
‘ಬರಿ: ಹೇಳಿದ ವ್ಯಾಳ್ಯಾಕ್ಕ ಬರತಾನ.
ಬರಿ: ಬುತ್ತಿ ತಾನೇ ತರತಾನ.
ಬರಿ: ಕುಡಿಯೂದಿಲ್ಲ.’
ಸ್ವಲ್ಪ ತಡದು,
‘ಮೊದಲು ಕುಡೀತಿದ್ದ ಅನ್ನೂದು ಬ್ಯಾಡ.’
ಭೀಮಪಲಾಸ್ ಬಾರಿಸತಾನ ಅಂತ ನಾನೇ ಸೇರಿಸಿದೆ.
‘ಅದು ಯಾರಿಗಿ ಬೇಕಬೇ?’

ಇನ್ನ ವಿಡಿಯೋ.
ನಮ್ಮ ಓಣ್ಯಾಗ ಮುಂಜಾನೆ ಆರರಿಂದ ಮಗ್ಗದ ಸಪ್ಪಳ,
ಎಡಕ್ಕ ನಾಕು, ಬಲಕ್ಕ ಆರು, ಹಿಂದ ಎಣಿಸಿಲ್ಲ.
ಖಟಾ ಖಟಾ ಖಟಾ ಖಟಾ,
ಅದರಾಗ ಕ್ಲಾರಿಯೋನೆಟ್ ಅಂದ್ರ
ಸಂತ್ಯಾಗ ಕಿವಿ ಮಾತು.
ಸ್ಟುಡಿಯೋಕ್ಕ ತಾಸಿಗೆ ಆರುನೂರು ಕೇಳ್ಯಾರ.
ನಮ್ಮ ಕಡೆ ಇದ್ದದ್ದು ಇಷ್ಟು:
ಫೋನು ಆನಿಸಾಕ ಎರಡು ಇಟ್ಟಂಗಿ,
ಬೆನ್ನ ಹಿಂದ ನೀಲವ್ವನ ಮಗ್ಗದಿಂದ ಇಳಿಸಿದ ಹಸಿರು ಸೀರಿ
(ಸಂಜಿಕ್ಕ ವಾಪಸ್ ಕೊಡಬೇಕು, ಕಲೆ ಆಗಬಾರದು),
ಕಿಟಕಿ ಬಿಸಲನ್ನ ಮುಖಕ್ಕ ತಿರುಗಿಸಾಕ
ಊಟದ ತಾಟು ಹಿಡಕೊಂಡು ನಿಂತ ನನ್ನ ಮಗ.

ಮತ್ತ, ಮಂಗಳವಾರದ ಪವರ್ ಕಟ್ಟು.

ಹನ್ನೊಂದೂ ಹತ್ತಕ್ಕ ಕರೆಂಟ್ ಹೋತು.
ಓಣಿ ಒಮ್ಮೆಲೆ
ಏನೋ ಮರತವರಂಗ ನಿಂತ್ತು.
ಎಲ್ಲೋ ಹಾಲಿನ ಕ್ಯಾನು ಇಟ್ಟದ್ದೂ ಕೇಳಸ್ತು.
ಹುಲಿಗೆಪ್ಪ ರೀಡು ನಾಲಿಗ್ಗೆ ಹಚ್ಚಿ, ಕಣ್ಣು ಮುಚ್ಚಿ,
ಮದುವಿ ಮೆರವಣಿಗ್ಯಾಗ ಇಪ್ಪತ್ತೆರಡು ವರ್ಷ
ಯಾರೂ ಕೇಳದ ಆಲಾಪ ತಗದ.
ಮಗನ ಕೈ ನಡಗಿ
ಬೆಳಕು ಅವನ ಗಲ್ಲದ ಮ್ಯಾಲೆ ನೀರಿನಂಗ ಅಳ್ಳಾಡ್ತು.

ನಾಕನೇ ನಿಮಿಷಕ್ಕ ಹಾಳಾದ ಕರೆಂಟ್ ಬಂತು.
ಖಟಾ. ಖಟಾ ಖಟಾ.
ನಾ ಫೋನಿಗೆ ಕೈ ಹಾಕಿದೆ, ಆಂವ ಹುಬ್ಬಿನಾಗ ತಡದ.
ಕಣ್ಣು ತಗೀಲಿಲ್ಲ. ಸ್ವರ ಬಿಡಲಿಲ್ಲ.
ಒಂದುಸಿರು ಹಿಂದಕ್ಕ ಸರದು
ಮಗ್ಗದ ಮ್ಯಾಲೆ ಹತ್ತಿ ಕುಂತ,
ಅವೇ ತನ್ನ ಡೋಲಿನವರು ಅನ್ನೂವಂಗ.

ಅದನ್ನ ಕತ್ತರಿಸ್ತೀನಿ ಅಂದೆ.
‘ಕತ್ತರಿಸಬ್ಯಾಡ. ಇವತ್ತು ತಾಳಕ್ಕ ರೊಕ್ಕ ಕೊಟ್ಟಿಲ್ಲ.’

ಮೊದಲ ವಾರ ನೋಡಿದವರು ಹತ್ತೊಂಬತ್ತು ಮಂದಿ.
ಅದರಾಗ ಹದಿಮೂರು ಸಲ ಆಂವನೇ,
ಹೆಂಡತಿ ಫೋನಿನಾಗ.
ದಿನಾ ಬಂದು ಕೇಳೂದು: ‘ಏರೇತೇನು?’
ಜ್ವರ ನೋಡಿದಂಗ.

ಆಮ್ಯಾಲೆ ಇಚಲಕರಂಜಿಯಿಂದ ಫೋನು, ಒಬ್ಬ ನೇಕಾರ.
ರಾಗದ ಮಾತೇ ಇಲ್ಲ.
‘ಆ ಬಲಗಡೆ ಮಗ್ಗ, ಏಳನೇ ಏಟಿಗೆ ಎಡವತೈತಲ್ಲ,
ಅದು ನಮ್ಮ ಕಾಕಾಂದು. ಇನ್ನೂ ರಿಪೇರಿ ಮಾಡಿಸಿಲ್ಲೇನು?’
ನಕ್ಕ. ಸುಮ್ಮನಾದ.
ತಂಗಿ ಮದುವಿ ಇದ್ದದ್ದು ಹುಲಕೋಟ್ಯಾಗ,
ಇಪ್ಪತ್ತಾರನೇ ತಾರೀಖು. ಎಷ್ಟು ತಗೋತಾರ?

ಹುಲಿಗೆಪ್ಪ ಫೋನಿನ ಮ್ಯಾಲೆ ಕೈ ಮುಚ್ಚಿ ನನ್ನ ಕೇಳಿದ,
‘ಎಷ್ಟು ಹೇಳಲಿಬೇ?’
ಭೀಮಪಲಾಸಿಗೆ ಒಂದು ರೇಟು ಹಚ್ಚೂದು
ನನಗೂ ಗೊತ್ತಿರಲಿಲ್ಲ.

ಈಗ ನನ್ನ ಅಂಗಡಿ ಬಾಗಲಿಗೆ ಒಂದು ಕಾಗದ ಐತಿ.
ಸೋಬಾನ ಹಾಡೂ ದ್ಯಾಮವ್ವ, ಮಿಮಿಕ್ರಿ ಮಾಡೂ ಹುಡುಗಿ,
ನಿನ್ನೆ ಅಷ್ಟs ತಬಲಾ ಕಲಿಯಾಕ ಹತ್ತಿದ ಆಟೋದಾಂವ,
ಎಲ್ಲಾರಿಗೂ ಒಂದೇ ಮಾತು ಬರದೀನಿ:
ಇಟ್ಟಂಗಿ ನಮ್ಮವು. ತಾಟು ನಮ್ಮದು.
ಹೆಸ್ಕಾಂನವರ ಮೆಸೇಜ್ ಬಂದ ಕೂಡಲೇ ಫೋನ್ ಹಚ್ಚತೀನಿ.
ತಯಾರಿರ್ರಿ.