ಒಂದು ಪದರ

ಬಳ್ಳಾರಿಯ ಕೌಲ್‌ಬಜಾರು, ನಮ್ಮ ಜೀನ್ಸಿನ ಶೆಡ್ಡು.
ಹೊಸದಾಗಿ ಬಂದ ಕೈಗೆ ಮೂರೇ ಬೆರಳು.
ಗಾಳಿ ತುಂಬಿದರೆ ಮುಚ್ಚುತ್ತದೆ,
ಬಿಟ್ಟರೆ ಉಸ್ಸೆನ್ನುತ್ತದೆ
ಬಿಸಿಲಿಂದ ಒಳಗೆ ಬಂದು ಕೂತವರ ಹಾಗೆ.

ಗುಂಡಿ ಎತ್ತಿತು. ಜಿಪ್ಪು ಎತ್ತಿತು.
ಚಹಾದ ಕಪ್ಪನ್ನೂ ತುಳುಕದಂತೆ ಎತ್ತಿಸಿ ತೋರಿಸಿದ
ಕೊಯಮತ್ತೂರಿನ ಹುಡುಗ. ಚಪ್ಪಾಳೆ ಹೊಡೆದೆವು.

ಆಮೇಲೆ ಕತ್ತರಿಸಿಟ್ಟ ಜೇಬುಗಳ ಗುಡ್ಡೆ.
ಒಂದು ಎತ್ತು ಅಂದರೆ ಎರಡು,
ಮತ್ತೆ ಅಂದರೆ ಮೂರು,
ಮತ್ತೂ ಅಂದರೆ ಬರಿಗೈ.

ಹುಸೇನ್‌ಬೀ ಇಪ್ಪತ್ತೆರಡು ವರ್ಷದಿಂದ ಎತ್ತುತ್ತಾಳೆ:
ಹೆಬ್ಬೆರಳು ನಾಲಿಗೆಗೆ ತಾಗಿಸಿ
ಮೂಲೆಯನ್ನು ತುಸು ಹೊಸಕಿ, ಫೂ,
ಒಂದೇ ಪದರ.
ನಾಲಿಗೆಯ ತುದಿ ನೀಲಿ.
ನೇರಳೆ ಹಣ್ಣು ತಿಂದ್ಯೇನು, ನನಗೆಲ್ಲಿ ಅಂತ
ಮೊಮ್ಮಗಳು ದಿನಾ ಸಂಜೆ ಜಗಳ.

"ಎಷ್ಟು ಪ್ರೆಶರು, ಅಮ್ಮಾ?"
ಹುಡುಗ ಲ್ಯಾಪ್‌ಟಾಪು ತೆರೆದು ಕಾದ.
"ತೂಗಿ ನೋಡಿಲ್ಲಪ್ಪ. ತಡಿ, ನೋಡಿ ಹೇಳ್ತೀನಿ."

ಹೆಬ್ಬೆರಳನ್ನೇ ದಿಟ್ಟಿಸಿ ನೋಡುತ್ತ
ಮೂಲೆ ಹೊಸಕಿದಳು, ಊದಿದಳು, ಎತ್ತಿದಳು.

ಎರಡು ಬಂದವು.

ಇನ್ನೊಮ್ಮೆ. ಆಗಲೂ ಎರಡು.
ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.
ಪಕ್ಕದಲ್ಲಿದ್ದ ಕೈ ಮಾತ್ರ
ಉಸ್ಸೆಂದಿತು.