ಎಫ್.ಸಿ.

ಮೂರು ತಿಂಗಳಿಗೊಮ್ಮೆ ಬರುತ್ತಾನೆ,
ಚಪ್ಪಲಿ ಹೊರಗೇ ಬಿಟ್ಟು.
ಮಂಡ್ಯದ ಆಸ್ಪತ್ರೆ, ಎಕ್ಸ್-ರೇ ದಾಟಿ ಎಡಕ್ಕೆ,
ಹನ್ನೊಂದನೇ ನಂಬರಿನ ಕೋಣೆ.
ಬಾಗಿಲು ಹಾಕಿದರೆ ಫ್ಯಾನಿನ ಸದ್ದೊಂದೇ.

"ಗಾಡಿಗೆ ಎಫ್.ಸಿ. ಮಾಡ್ಸಾಕಿಲ್ವಾ ಮೇಡಂ, ಅಂಗೇಯ ಕಣಿ."
ಕಬ್ಬಿನ ಲಾರಿ ಅವನದು. ಸೀಸನ್ನಿನಲ್ಲಿ
ಕಾರ್ಖಾನೆ ಗೇಟಿನ ಮುಂದೆ ಎರಡು ರಾತ್ರಿ, ಮೂರು ರಾತ್ರಿ
ತೂಕಕ್ಕೆ ನಿಂತ ಸಾಲು.
"ಕಾಯೋದೇ ಕಷ್ಟ" ಎನ್ನುತ್ತಾನೆ,
ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸಿದವನಂತೆ.

ನನ್ನ ಫಾರಮ್ಮಿಗೆ ಅಷ್ಟು ಸಾಲದು.
ಎಷ್ಟು ಜನ? ಕೇಳುತ್ತೇನೆ.
ಅವನು ಜಾಗ ಹೇಳುತ್ತಾನೆ:
ಪಂಕ್ಚರ್ ಅಂಗಡಿ ಹಿಂದೆ, ನಾಲೆ ಏರಿ,
ಒಂದ್ಸಲ ಮೈಸೂರಿನ ಲಾಡ್ಜು.
ಅದರಲ್ಲೊಬ್ಬ ಗಂಡಸು. ಅದನ್ನು ಮಾತ್ರ ಫ್ಯಾನಿಗೆ ಹೇಳಿದ.
ಕಾಂಡೋಮು?
"ಇರ್ತದೆ, ಡ್ಯಾಷ್‌ಬೋರ್ಡಲ್ಲಿ. ಬಿಸ್ಲಿಗೆ ಅಂಟ್ಕಂಡೋಗಿರ್ತದೆ."

ಫರೀದಾ ರಕ್ತ ತೆಗೆಯುವಾಗ ಗೋಡೆ ನೋಡುತ್ತಾನೆ.
ಮೂರು ಸಲವೂ ಒಂದೇ ಗೆರೆ ಬಂತು,
ಎರಡನೇ ಕಿಟ್ಟು ಬಿಚ್ಚುವ ಕೆಲಸ ಬೀಳಲಿಲ್ಲ.
ಮೂರು ಸಲವೂ ಚೀಟಿ ಮಡಿಸಿ
ಆರ್.ಸಿ. ಬುಕ್ಕಿನೊಳಗೆ ಇಟ್ಟುಕೊಂಡ.
ಇದು ಹಿಂದಿನದಕ್ಕೆ, ಮುಂದಿನದಕ್ಕಲ್ಲ ಅಂದೆ,
ಮೊನ್ನೆ ಮೊನ್ನೆಯದಕ್ಕೂ ಅಲ್ಲ.
"ಗೊತ್ತು ಬುಡಿ" ಅಂದ. ಪಾಸಾದ ಹುಡುಗನ ನಗು.

ಕಳೆದ ತಿಂಗಳು ಬಸುರಿಯರ ಸಾಲಿನಲ್ಲಿ ಒಬ್ಬಳು.
ಐದನೇ ತಿಂಗಳು, ಕೈಯಲ್ಲಿ ತಾಯಿ ಕಾರ್ಡು,
ಅದರಲ್ಲಿ ಇವನ ಹೆಸರು, ಇವನದೇ ಊರು.
ಅವಳಿಗೂ ಅದೇ ಪ್ರಶ್ನೆ.
ಸೆರಗು ಬಾಯಿಗೆ ಹಿಡಿದು ನಕ್ಕಳು:
"ಯಾಕವ್ವಾ, ನನ್ನ ನೋಡುದ್ರೆ ಅಂಗನ್ನುಸ್ತದಾ?"
ಅವಳದೂ ಒಂದೇ ಗೆರೆ, ಅವತ್ತಿಗೆ.
ಅಪಾಯ ಎಂಬ ಕಾಲಮ್ಮಿನಲ್ಲಿ
'ಇಲ್ಲ' ಎಂದು ಬರೆದದ್ದು ನಾನು.
ನೀಲಿ ಇಂಕು, ದುಂಡು ಅಕ್ಷರ.

ಒಂದೇ ಬೀರುವಿನಲ್ಲಿ ಎರಡು ಫಾರಮ್ಮು,
ನಡುವೆ ಯಾರು ಯಾರದೋ ಇನ್ನೂರು.
ಬೀಗದ ಕೈ ನನ್ನ ಸೊಂಟದಲ್ಲಿ.
ಅವಳಿಗೆ ಹೇಳುವಂತಿಲ್ಲ. ಇವನಿಗೆ,
ಅವಳು ಬಂದಿದ್ದಳು ಎನ್ನುವಷ್ಟೂ ಇಲ್ಲ.
ಮನೆಯವರನ್ನೂ ಕರಕೊಂಡು ಬನ್ನಿ,
ಇಷ್ಟೇ ಹೇಳಬಹುದು. ನಾಲ್ಕನೇ ಸಲ ಹೇಳಿದೆ.

"ಅವಳ್ಗ್ಯಾಕೆ ಮೇಡಂ. ಅವಳು ಮನೇಲೇ ಇರ್ತಾಳೆ."

ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ,
ಕಾರ್ಖಾನೆ ಗೇಟಿನಲ್ಲಿ ಕೂರುವ ಹಾಗೆ, ಕಾಲು ಅಲ್ಲಾಡಿಸುತ್ತ.
ಫರೀದಾ ಬಂದಳು. ಅವನತ್ತ ನೋಡಲಿಲ್ಲ.
ಬಾಗಿಲು ಹಾಕಿಕೊಂಡು, ಮೆಲ್ಲಗೆ,
ಬೀಗದ ಕೈ ಕೇಳಿದಳು,
ಎರಡನೇ ಕಿಟ್ಟಿಗೆ.